ಕರಿಬಾವಿ ಬಿ ಅಲ್ಲ, ಕೆ

ಮೊನ್ನೆ ಯಾದಗಿರಿಯ ಕೆಲಸ ಮುಗಿಸಿಕೊಂಡು ಸುರಪುರದ ಬಸ್ಸು ಹತ್ತಿದೆ. ಭೀಮಾ ಸೇತುವೆ ದಾಟಿತು, ಶಹಾಪುರದ ಸ್ಟ್ಯಾಂಡಿನಲ್ಲಿ ಹತ್ತುವವರ ಇಳಿಯುವವರ ಗಲಾಟೆ ಮುಗಿಯಿತು, ಊರು ಬಿಟ್ಟ ಮೇಲೆ ತೊಗರಿ ಕಟ್ಟಿಗೆಯ ಹೊಗೆ ಕಿಟಕಿಯಿಂದ ಒಳಗೆ ನುಗ್ಗಿತು. ರಾಶಿಯ ದಿನಗಳಲ್ಲಿ ನಮ್ಮ ಕಡೆ ಯಾವ ಊರಿನ ಮಗ್ಗುಲಲ್ಲಿ ಹಾದರೂ ಈ ಹೊಗೆಯೇ. ಹಸಿಬಿಸಿ ಕಟ್ಟಿಗೆಯನ್ನು ಒಲೆಗೆ ತುರುಕಿದಾಗ ಬರುವ, ಕಣ್ಣು ಉರಿಸಿ ಗಂಟಲು ಕೆರೆಯುವ ಹೊಗೆ. ಅದರ ವಾಸನೆ ಬಂದರೆ ಸಾಕು, ಎಲ್ಲಿಂದಲೋ ಒಂದು ಫೋನು ಬರಬೇಕಿತ್ತು, ಇನ್ನೂ ಬಂದಿಲ್ಲ ಎನ್ನುವ ಚಡಪಡಿಕೆ ನನಗೆ ಶುರುವಾಗುತ್ತದೆ.

ಮುಂದಿನ ಸೀಟಿನಲ್ಲಿ ನೀಲಿ ಲಸಿಕೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಣ್ಣುಮಗಳು ಕೂತಿದ್ದಳು. ಕಂಡಕ್ಟರ್ ಟಿಕೆಟ್ ಯಂತ್ರ ಒತ್ತುತ್ತ ಬಂದ.

"ಎಲ್ಲಿಗ್ರಿ ಸಿಸ್ಟರ್?"

"ಕರಿಬಾವಿ."

"ಬಿ ಏನ್ರಿ, ಕೆ ಏನ್ರಿ?"

"ಕೆ."

ನಾನು ನೆಟ್ಟಗೆ ಕೂತೆ. ಒಂದಿಡೀ ಚಳಿಗಾಲ ನನ್ನನ್ನು ಕೂತಲ್ಲಿ ಕೂರಲು ಬಿಡದ ಅಕ್ಷರ ಅದು.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಿಜಾಮರ ಕಾಲದ ದಫ್ತರದಲ್ಲಿ ಒಂದೇ ಹೆಸರಿನ ಎರಡು ಊರುಗಳಿದ್ದರೆ ದೊಡ್ಡದಕ್ಕೆ ಬುಜುರ್ಗ್, ಸಣ್ಣದಕ್ಕೆ ಖುರ್ದ್ ಎಂದು ಬರೆಯುತ್ತಿದ್ದರು. ನಿಜಾಮರು ಹೋದರು. ಬುಜುರ್ಗ್ ಖುರ್ದ್ ಸವೆದು ಬಿ, ಕೆ ಎಂಬ ಎರಡು ಅಕ್ಷರಗಳಾಗಿ ಕಂಸದೊಳಗೆ ಉಳಿದುಕೊಂಡವು. ಕರಿಬಾವಿ (ಬಿ) ರಸ್ತೆಯ ಮೇಲಿದೆ. ಶಾಲೆ, ಸೊಸೈಟಿ, ನರ್ಸ್ ಇರುವ ಆರೋಗ್ಯ ಉಪಕೇಂದ್ರ ಎಲ್ಲವೂ ಇವೆ. ಕರಿಬಾವಿ (ಕೆ) ಹಳ್ಳದ ಆಚೆ ಒಳಗಿದೆ. ಅಲ್ಲಿಯೂ ಒಂದು ಉಪಕೇಂದ್ರವಿತ್ತು, ಗೋಡೆಗೆ ಬಣ್ಣವೂ ಇತ್ತು, ಬಾಗಿಲಿಗೆ ಮಾತ್ರ ಬೀಗ.

ಆ ವರ್ಷ ನಾನು ಶಹಾಪುರದಲ್ಲಿ ವಿಧಾನಸಭೆಯ ಸದಸ್ಯರೊಬ್ಬರ ಕಚೇರಿಯಲ್ಲಿದ್ದೆ. ವಕೀಲಿ ಓದಿಕೊಂಡು ಬಂದು ಕೋರ್ಟಿನಲ್ಲಿ ಸೀನಿಯರ್ ಪರವಾಗಿ ಮುಂದಿನ ತಾರೀಖು ಕೇಳುವುದೇ ಕೆಲಸವಾಗಿ ಬೇಸತ್ತಿದ್ದೆ. ಸದನದಲ್ಲಿ ಕೇಳುವ ಪ್ರಶ್ನೆಗಳನ್ನು ಬರೆದುಕೊಡಲು ಯಾರಾದರೂ ಬೇಕು ಎಂದು ಸಾಹೇಬರು ಹೇಳಿ ಕಳಿಸಿದಾಗ ಎರಡು ಮಾತಾಡದೆ ಒಪ್ಪಿಕೊಂಡೆ. ಸರ್ಕಾರವು ಶಾಸನಸಭೆಗೆ ಉತ್ತರದಾಯಿ ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದವಳು ನಾನು. ಅದು ನಡೆಯುವ ಜಾಗಕ್ಕೇ ಹೋಗುತ್ತಿದ್ದೇನೆ ಎಂದು ಹಿಗ್ಗಿದ್ದೆ.

ಅಲ್ಲಿ ಮೊದಲ ದಿನವೇ ನನ್ನ ಹಿಗ್ಗು ಇಳಿಸಿದವರು ಮಲ್ಲಣ್ಣ ಕಾಕಾ. ಸಾಹೇಬರ ಜೊತೆ ಬಹಳ ಕಾಲದಿಂದ ಇದ್ದವರು. ಯಾರ ಮನೆಯ ಮದುವೆಗೆ ಹೋಗಬೇಕು, ಯಾವ ಮಾಸ್ತರರ ವರ್ಗಾವಣೆ ಆಗಬೇಕು, ಯಾರು ತೀರಿಕೊಂಡರು ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ.

"ಪ್ರಶ್ನಿ ಕೇಳಿದ್ರ ಓಟ್ ಬೀಳ್ತಾವೇನವ್ವ? ಬಸುರಿ ಕುಬಸಕ್ಕ ಹೋಗಿ ಒಂದ್ ಹೋಳಗಿ ತಿಂದ್ರ ಬೀಳ್ತಾವ," ಎಂದರು.

"ಹಂಗಾದ್ರ ಸದನಕ್ಕ ಯಾಕ ಹೋಗ್ತಾರ್ರಿ ಕಾಕಾ? ಹೋಳಗಿ ತಿನ್ನಾಕ ಇಲ್ಲೇ ಇರಬಹುದಲ್ಲ," ಎಂದೆ. ನನ್ನ ನಾಲಿಗೆಯೂ ಕಡಿಮೆ ಇರಲಿಲ್ಲ. ಅವರು ನಕ್ಕು ಚಹಾ ತರಿಸಿದರು.

ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನ. ಅದಕ್ಕೆ ಮೊದಲೇ ಪ್ರಶ್ನೆಗಳು ಹೋಗಬೇಕು. ಹತ್ತಿ ತುಂಬಿದ ಲಾರಿಗಳು ಶಹಾಪುರದ ರಸ್ತೆಯನ್ನು ಹಿಡಿದು ನಿಂತಿದ್ದ ಒಂದು ಬೆಳಗ್ಗೆ, ಕೂದಲಿಗೆಲ್ಲ ಅರಳೆ ಅಂಟಿಸಿಕೊಂಡು ಮಾಲನ್‌ಬಿ ಒಳಗೆ ಬಂದಳು. ಕರಿಬಾವಿ (ಕೆ) ಊರಿನವಳು, ಸಂತೆಯಲ್ಲಿ ಬಳೆ ಮಾರುವವಳು. ಬಳೆಯ ಬುಟ್ಟಿಯನ್ನು ಹೊಸ್ತಿಲಲ್ಲಿಟ್ಟು, ಖುರ್ಚಿ ತೋರಿಸಿದರೂ ಕೂರದೆ ಹೇಳಿದಳು.

"ನಮ್ಮ ಊರಾಗ ದವಾಖಾನಿ ಐತಿ, ನರ್ಸ್ ಇಲ್ರಿ. ಹ್ವಾದ ವರ್ಷ ಬಾಜೂ ಮನಿ ಈರಮ್ಮನ ದೊಡ್ಡ ಸೊಸಿಗಿ ಕಾಲು ಬಾತಿದ್ವು. ಬಸುರಾಗ ಬಾಯ್ತಾವ, ಬಿಡು ಅಂದ್ವಿ. ಬಿಪಿ ನೋಡವ್ರು ಯಾರಿದ್ರು? ಟಂಟಂ ಆಟೋದಾಗ ಹಾಕ್ಕೊಂಡು ಹೋಗೂವಾಗ ಫಿಟ್ಸ್ ಬಂದು ದಾರ್ಯಾಗ ಹ್ವಾದ್ಳು. ಕೂಸೂ ಹೋತು. ಈಗ ನನ್ನ ಮಗಳು ಪರ್ವೀನ್ ಬಾಣಂತನಕ್ಕ ಬಂದಾಳ. ಆಕಿ ಕಾಲೂ ಬಾಯಾಕತ್ಯಾವ."

ಕೊನೆಯ ಮಾತನ್ನು ಅವಳು ಮೆಲ್ಲಗೆ ಹೇಳಿದಳು. ಹೊರಗೆ ಲಾರಿಗಳ ಹಾರ್ನಿಗೆ ನನಗೆ ಸರಿಯಾಗಿ ಕೇಳಿಸದೆ ಇನ್ನೊಮ್ಮೆ ಹೇಳಿಸಿದೆ.

ಮಲ್ಲಣ್ಣ ಕಾಕಾ ವಾತಾವರಣ ತಿಳಿ ಮಾಡಲು, "ಹೆಸರಿನಾಗ ಬಿ, ಊರಿನಾಗ ಕೆ. ನಿಂದ ಎಲ್ಲಾ ಉಲ್ಟಾ ನೋಡ್ ಮಾಲನ್‌ಬಿ," ಎಂದರು. ಅವಳು ನಗಲಿಲ್ಲ.

ಪ್ರಶ್ನೆಗೊಂದು ಅಚ್ಚು ಇರುತ್ತದೆ. (ಅ) ಇಂಥ ಸಂಗತಿ ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು? (ಇ) ಯಾವ ಕಾಲಮಿತಿಯಲ್ಲಿ? ಅಂದೇ ಕೂತು ಬರೆದೆ. ಕಂಸದೊಳಗಿನ ‘ಕೆ’ಯನ್ನು ನಾನೇ ಎರಡು ಸಲ ನೋಡಿದೆ. ಪ್ರಶ್ನೆಗಳು ಬಹಳ ಬರುವುದರಿಂದ ಚೀಟಿ ಎತ್ತುತ್ತಾರೆ. ಅದೃಷ್ಟವಿದ್ದವು ಚುಕ್ಕೆ ಗುರುತಿನ ಪ್ರಶ್ನೆಗಳಾಗುತ್ತವೆ. ಚುಕ್ಕೆ ಬಿದ್ದರೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಬಾಯಿಂದ ಉತ್ತರ ಹೇಳಬೇಕು, ಸದಸ್ಯರು ಅಲ್ಲಿಯೇ ಮರುಪ್ರಶ್ನೆ ಹಾಕಬಹುದು. ನಮ್ಮದಕ್ಕೆ ಚುಕ್ಕೆ ಬಿತ್ತು.

"ನಮ್ಮೂರಿಗಿ ಚುಕ್ಕಿ ಬಿದ್ದೈತಂತ!" ಎಂದು ಮಾಲನ್‌ಬಿ ಸಂತೆಯಲ್ಲೆಲ್ಲ ಸಾರಿಕೊಂಡು ಬಂದಳು. ಚುಕ್ಕಿ ಎಂದರೆ ಅವಳಿಗೆ ಆಕಾಶದ್ದೇ. ನಾನೂ ತಿದ್ದಲು ಹೋಗಲಿಲ್ಲ. ಪರ್ವೀನಳನ್ನು ಶಹಾಪುರದ ದವಾಖಾನೆಗೆ ಒಮ್ಮೆ ತೋರಿಸಿಕೊಂಡು ಬನ್ನಿ ಎಂದೆ. ಟಂಟಂನಲ್ಲಿ ಹಳ್ಳದ ದಾರಿ ಕುಲುಕುತ್ತದೆ ಎಂದು ಅಳಿಯ ಒಪ್ಪುತ್ತಿಲ್ಲ ಎಂದಳು. ಈರಮ್ಮನ ಸೊಸೆ ಸತ್ತದ್ದು ಟಂಟಂನಲ್ಲಿ ಎಂಬುದಷ್ಟೇ ಅವನ ತಲೆಯಲ್ಲಿ ಕೂತಿತ್ತು. ಮೊದಲೇ ನರ್ಸ್ ನೋಡಿದ್ದರೆ ಆ ಟಂಟಂ ಬೇಕಾಗುತ್ತಿರಲಿಲ್ಲ ಎಂದು ಅವನಿಗೆ ತಿಳಿಹೇಳುವವರಿರಲಿಲ್ಲ.

ಪ್ರಶ್ನೆಯ ದಿನ ಮಾಲನ್‌ಬಿ ಬಳೆ ಬುಟ್ಟಿ ಸಮೇತ ಬಂದು ನನ್ನ ಪಕ್ಕ ಕೂತಳು. ಕಾಕಾ ಅವರ ಮೊಬೈಲನ್ನು ನೀರಿನ ಜಗ್ಗಿಗೆ ಆನಿಸಿ ನಿಲ್ಲಿಸಿ ಸದನದ ನೇರ ಪ್ರಸಾರ ಹಚ್ಚಿದೆವು. ನಮ್ಮದಕ್ಕಿಂತ ಮೊದಲು ಬೇರೆ ಪ್ರಶ್ನೆಗಳಿದ್ದವು. ಮೊದಲನೆಯದರಲ್ಲಿಯೇ ಗದ್ದಲವೆದ್ದಿತು. ಯಾರೋ ಯಾರಿಗೋ ಏನೋ ಅಂದರು, ವಿರೋಧ ಪಕ್ಷದವರು ಎದ್ದರು, ಇವರೂ ಎದ್ದರು. ಮಾತು ಒಂದೂ ಕೇಳದು.

"ಏನಂತ್ರಿ? ಎಲ್ಲಾರೂ ಎಲ್ಲಿಗಿ ಹೊಂಟ್ರು?" ಎಂದಳು ಮಾಲನ್‌ಬಿ.

"ಬಾವಿಗೆ ಇಳಿದ್ರು," ಎಂದೆ ಸಿಟ್ಟಿನಲ್ಲಿ.

"ಯಾ ಅಲ್ಲಾ! ಯಾವ ಬಾವಿಗ್ರಿ?" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು.

ಸಭಾಧ್ಯಕ್ಷರ ಪೀಠದ ಮುಂದಿನ ಜಾಗವನ್ನು ಬಾವಿ ಎನ್ನುತ್ತಾರೆ, ಯಾರೂ ಮುಳುಗುವುದಿಲ್ಲ ಎಂದು ವಿವರಿಸಿದೆ. ಕಾಕಾ ನಕ್ಕೂ ನಕ್ಕೂ ಕೆಮ್ಮಿದರು. ಅಷ್ಟರಲ್ಲಿ ಸದನ ಮುಂದಕ್ಕೆ ಹೋಯಿತು, ಮತ್ತೆ ಸೇರಿತು, ಮತ್ತೆ ಗದ್ದಲ. ಪ್ರಶ್ನೋತ್ತರದ ಹೊತ್ತು ಮುಗಿಯಿತು. ಉಳಿದ ಪ್ರಶ್ನೆಗಳ ಉತ್ತರಗಳನ್ನು ಸದನದ ಮೇಜಿನ ಮೇಲೆ ಇಡಲಾಗಿದೆ ಎಂದು ಸಭಾಧ್ಯಕ್ಷರು ಒಂದೇ ಉಸಿರಿಗೆ ಓದಿದರು. ನಮ್ಮ ಚುಕ್ಕೆ ಹಾಗೆ ಉದುರಿತು.

ಮಧ್ಯಾಹ್ನ ಉತ್ತರದ ಪ್ರತಿ ಫೋನಿಗೆ ಬಂತು. ‘ಕರಿಬಾವಿ ಗ್ರಾಮದ ಆರೋಗ್ಯ ಉಪಕೇಂದ್ರದಲ್ಲಿ ಶುಶ್ರೂಷಕಿ ಕಾರ್ಯನಿರ್ವಹಿಸುತ್ತಿದ್ದು, ಸದರಿ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲ.’ (ಆ) ಉದ್ಭವಿಸುವುದಿಲ್ಲ. (ಇ) ಉದ್ಭವಿಸುವುದಿಲ್ಲ. ನಾನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಕಂಸವೂ ಇಲ್ಲ, ಕೆಯೂ ಇಲ್ಲ. ಯಾವುದೋ ಟೇಬಲ್ಲಿನಲ್ಲಿ ಯಾರೋ ಕರಿಬಾವಿ ಎಂದಷ್ಟೇ ನೋಡಿ, ಬಿ ಊರಿನ ನರ್ಸನ್ನು ಕೆ ಊರಿನ ಉತ್ತರದಲ್ಲಿ ಕೂರಿಸಿದ್ದರು.

ಮಾಲನ್‌ಬಿ ಓದಿ ಹೇಳು ಎಂದಳು. ಓದಿದೆ.

"ಉದ್ಭವಿಸೂದಿಲ್ಲ ಅಂದ್ರ?"

"ಪ್ರಶ್ನೆಯೇ ಹುಟ್ಟೋದಿಲ್ಲ ಅಂತ."

ಅವಳು ತನ್ನ ಮನೆಮಾತಿನಲ್ಲಿ, "ಸವಾಲಿಚ್ ಪೈದಾ ನೈ ಹೋತಾ," ಎಂದಳು. ಸರ್ಕಾರದ ಕನ್ನಡ ಅವಳ ದಖನಿಯಲ್ಲಿ ಒಂದಕ್ಷರವೂ ತಪ್ಪದೆ ಕೂತಿತ್ತು. ಪ್ರಶ್ನೆ ಹುಟ್ಟುವುದೇ ಇಲ್ಲ. ಆಮೇಲೆ ನನ್ನ ಮುಖ ನೋಡಿ ಕನ್ನಡದಲ್ಲಿ ಕೇಳಿದಳು: "ಮತ್ತ ನನ್ನ ಮಗಳ ಹೊಟ್ಟ್ಯಾಗ ಇರೂದು ಏನ್ರಿ?"

ಸರ್ಕಾರ ಸದನಕ್ಕೆ ಉತ್ತರ ಕೊಡಬೇಕು ಎಂದು ಓದಿದ್ದೆನಲ್ಲ, ಕೊಟ್ಟಿತ್ತು. ಉತ್ತರ ನಿಜವಾಗಿರಬೇಕು ಎಂಬುದನ್ನು ನೋಡುವವರು ಯಾರು ಎಂದು ಆ ಪಾಠದಲ್ಲಿ ಇರಲಿಲ್ಲ. ಸಾಹೇಬರಿಗೆ ಫೋನು ಹಚ್ಚಿದೆ. ಸದನಕ್ಕೆ ತಪ್ಪು ಮಾಹಿತಿ ಕೊಟ್ಟಿದ್ದಾರೆ, ಇದು ಸದನದ ಹಕ್ಕಿಗೇ ಚ್ಯುತಿ, ಸಭಾಧ್ಯಕ್ಷರಿಗೆ ಪತ್ರ ಬರೆದು ಉತ್ತರ ತಿದ್ದಿಸಬೇಕು, ನಾಳೆಯೇ ಎದ್ದು ನಿಂತು ಹೇಳಿ ಎಂದು ಒಂದೇ ಸಮ ಒದರಿದೆ.

"ತಂಗಿ, ಮಂತ್ರಿಗಳು ನಮ್ಮವ್ರೇ," ಎಂದರು ಸಾಹೇಬರು. ಹಿಂದೆ ಯಾರೋ ಅವರನ್ನು ಊಟಕ್ಕೆ ಕರೆಯುತ್ತಿದ್ದರು. "ಸದನದಾಗ ನಿಮ್ಮ ಉತ್ತರ ಸುಳ್ಳು ಅಂದ್ರ, ನಾಳಿ ಬ್ಯಾರೆ ಕೆಲಸಕ್ಕ ಹ್ವಾದಾಗ ಮಾರಿ ನೋಡ್ತಾರೇನು? ನೀ ಪತ್ರ ಬರದು ಕಳಸು. ನೋಡೂಣು."

ಬರೆದು ಕಳಿಸಿದೆ. ನೋಡೋಣ ಎಂದದ್ದು ನೋಡೋಣ ಎಂದಲ್ಲಿಯೇ ನಿಂತಿತು. ಅಧಿವೇಶನದ ದಿನಗಳು ಸರಿದುಹೋಗುತ್ತಿದ್ದವು. ಸುರಪುರದ ಮನೆಯಿಂದ ಶಹಾಪುರಕ್ಕೆ ದಿನವೂ ಬಸ್ಸಿನಲ್ಲಿ ಬರುವಾಗ ಕರಿಬಾವಿಯ ಕ್ರಾಸು ಸಿಗುತ್ತಿತ್ತು, ತೊಗರಿ ಕಟ್ಟಿಗೆಯ ಹೊಗೆ ಒಳಗೆ ಬರುತ್ತಿತ್ತು, ನಾನು ಫೋನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದೆ. ಮನೆಯಲ್ಲಿ ಅವ್ವ, ಊಟ ಮಾಡುವಾಗಲಾದರೂ ಕಾಲು ಕುಣಿಸುವುದು ಬಿಡು ಎಂದು ಗದರಿದಳು.

ಕಡೆಗೆ ಕೆಲಸ ಮಾಡಿದವರು ಮಲ್ಲಣ್ಣ ಕಾಕಾ. ನನಗೆ ಹೇಳದೆ ಆರೋಗ್ಯ ಇಲಾಖೆಯ ಒಬ್ಬ ಅಧಿಕಾರಿಗೆ ಫೋನು ಮಾಡಿದ್ದರು. ಬಿ ಊರಿನ ನರ್ಸ್ ವಾರದಲ್ಲಿ ಕೆಲವು ದಿನ ಕೆ ಊರಿಗೂ ಹೋಗಿ ಬರುತ್ತಾಳೆ, ಬಾಯಿಮಾತಿನ ಆದೇಶ, ಕಾಗದ ಗೀಗದ ಬೇಡ. ಆದರೆ ಆ ಪತ್ರದ ವಿಷಯ ಸದನದಲ್ಲಿ ಎತ್ತಬಾರದು ಎಂದು ಮಾತಾಗಿತ್ತು. ಕೇಳಿ ನನ್ನ ಪಿತ್ತ ನೆತ್ತಿಗೇರಿತು.

"ಇದು ಉಪಕಾರ, ಕಾಕಾ! ಕೊಟ್ಟವ್ರು ನಾಳೆ ವಾಪಸ್ ತಗೊಂತಾರ. ನಾವ್ ಕೇಳಿದ್ದು ಜವಾಬು!"

ಕಾಕಾ ಸಿಟ್ಟಾಗಲಿಲ್ಲ. ಮಾಲನ್‌ಬಿಯ ಕಡೆಗೆ ಕೈ ತೋರಿಸಿ, "ಅಕೀನ್ನ ಕೇಳು," ಎಂದರು.

ಮಾಲನ್‌ಬಿ ಹೊಸ್ತಿಲ ಮೇಲೆ ಕೂತು ಒಡೆದ ಬಳೆಗಳನ್ನು ಬುಟ್ಟಿಯಿಂದ ಆರಿಸಿ ಬೇರೆ ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ವಕೀಲವ್ವ, ನೀ ಹೇಳೂದು ಖರೇನ ಐತಿ. ಆದ್ರ ಹೆರಿಗಿ ಬ್ಯಾನಿ ಬಂದ್ರ, ಸದನ ಕೂಡೂತನ ತಡೀ ಅಂತ ಅದಕ್ಕ ಹೇಳಾಕ ಆಗ್ತೈತೇನು? ನರ್ಸ್ ಬರ್ಲಿ."

ಸೋತೆ ಅನ್ನಿಸಿತು, ಅಳು ಬಂತು, ಅವರ ಮುಂದೆ ಅಳಬಾರದೆಂದು ಹಿಂದಿನ ಅಂಗಳಕ್ಕೆ ಹೋಗಿ ನಿಂತೆ. ಕಾಕಾ ಹೇಳಿದ್ದು ತಪ್ಪಲ್ಲ, ನಾನು ಹೇಳಿದ್ದೂ ತಪ್ಪಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿತು.

ನರ್ಸ್ ಹೋದಳು. ಮೊದಲ ದಿನವೇ ಪರ್ವೀನಳ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ, ಅಳಿಯನನ್ನು ಅಂಗಳದಲ್ಲಿ ನಿಲ್ಲಿಸಿ ಚೆನ್ನಾಗಿ ಬೈದು, ಆಂಬುಲೆನ್ಸ್ ಕರೆಸಿ ಯಾದಗಿರಿಗೆ ಕಳಿಸಿದಳು. ಪರ್ವೀನ್ ಅಲ್ಲಿಯೇ ದಿನ ತುಂಬುವತನಕ ಇದ್ದು ಹೆಣ್ಣುಕೂಸು ಹೆತ್ತಳು. ತಾಯಿ ಮಗು ಇಬ್ಬರೂ ಉಳಿದರು. ಸುದ್ದಿ ಬಂದ ದಿನ ಕಾಕಾ ಕಚೇರಿಗೆಲ್ಲ ಪೇಢೆ ಹಂಚಿ, ನನಗೆ ಬೇಕೆಂದೇ ಎರಡು ಕೊಟ್ಟರು. ತಿಂದೆ. ಸಂತೋಷವಾಗಿತ್ತು, ನಿಜವಾಗಿಯೂ ಆಗಿತ್ತು. ಆದರೂ ಮೇಜಿನ ಖಾನೆಯಲ್ಲಿದ್ದ ಆ ಉತ್ತರದ ಪ್ರತಿ ಹಾಗೆಯೇ ಇತ್ತು. ಅದರ ಪ್ರಕಾರ ಕರಿಬಾವಿಯಲ್ಲಿ ಎಂದೂ ಏನೂ ಕೊರತೆ ಇರಲಿಲ್ಲ.

ಸಂಕ್ರಾಂತಿ ಮುಗಿದು ಬಿಸಿಲು ಏರುವ ಹೊತ್ತಿಗೆ ನರ್ಸ್ ಕೆ ಊರಿಗೆ ಹೋಗುವುದು ನಿಂತಿತು. ಬಾಯಿಮಾತಿನಲ್ಲಿ ಬಂದದ್ದು ಬಾಯಿಮಾತಿನಲ್ಲಿ ಹೋಯಿತು. ಕಾಕಾ ಮತ್ತೆ ಫೋನು ಮಾಡಿದರೆ ಆ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು, ಕರಿಬಾವಿಯಲ್ಲಿ ನರ್ಸ್ ಇದ್ದಾರಲ್ಲ, ಸದನಕ್ಕೇ ಉತ್ತರ ಹೋಗಿದೆಯಲ್ಲ ಎಂದರು. ಫೋನು ಇಟ್ಟ ಕಾಕಾ ನನ್ನ ಕಡೆ ನೋಡಲಿಲ್ಲ. ಹೇಳಿದ್ದೆನಲ್ಲ ಎನ್ನಲು ನನ್ನ ನಾಲಿಗೆ ತುರಿಸಿದ್ದು ಮಾತ್ರ ಹೌದು.

ಬೆಂಗಳೂರಿನ ಬಜೆಟ್ ಅಧಿವೇಶನಕ್ಕೆ ಪ್ರಶ್ನೆಗಳನ್ನು ಬರೆಯುತ್ತಿದ್ದ ದಿನ ಸಾಹೇಬರು ಕಚೇರಿಯಲ್ಲೇ ಇದ್ದರು. ಜನ ತುಂಬಿತ್ತು. ಮಾಲನ್‌ಬಿ ಈ ಸಲ ಬುಟ್ಟಿ ತಂದಿರಲಿಲ್ಲ, ಕೂಸನ್ನು ತಂದಿದ್ದಳು. ಹಿಂದೆ ಈರಮ್ಮ ನಿಂತಿದ್ದಳು. ಸತ್ತ ಸೊಸೆಯ ಹೆಸರು ಬಂದಾಗಲೆಲ್ಲ ಸೆರಗು ಬಾಯಿಗೆ ಒತ್ತಿಕೊಳ್ಳುವ, ಮಾತೇ ಆಡದ ಹೆಂಗಸು. ಮಾಲನ್‌ಬಿ ಜನರನ್ನು ಸರಿಸಿಕೊಂಡು ಒಳಗೆ ಬಂದವಳೇ ಕೂಸನ್ನು ನನ್ನ ಮೇಜಿನ ಮೇಲೆ, ಪ್ರಶ್ನೆಯ ಹಾಳೆಗಳ ನಡುವೆ ಮಲಗಿಸಿದಳು.

"ಮೇಜಿನ ಮ್ಯಾಲ ಇಟ್ಟೇನಿ ನೋಡ್ರಿ," ಎಂದಳು. "ಸವಾಲ್ ಪೈದಾ ಆಗೇತಿ. ಇನ್ನ ಕೇಳ್ರಿ."

ಸಾಹೇಬರಿಗೆ ಕೂಸುಗಳೆಂದರೆ ಅಭ್ಯಾಸ. ಎದ್ದು ಬಂದು ಎತ್ತಿಕೊಂಡರು, "ಏನ್ ಹೆಸರಿಟ್ಟೀರಿ?" ಎಂದು ಕೇಳಿದರು.

"ಅದರ ಹೆಸರು ಆಮ್ಯಾಲ್ರಿ ಸಾಹೇಬ್ರ. ಮೊದಲ ನಮ್ಮ ಊರ ಹೆಸರು ಸರಿ ಮಾಡಸ್ರಿ. ನನ್ನ ಮಗಳದು ಆತು, ನನಗೇನೂ ಅವಸರ ಇಲ್ಲ. ಈರಮ್ಮನ ಸಣ್ಣ ಸೊಸಿಗಿ ಈಗ ಐದ ತಿಂಗಳ ನಡದೈತಿ. ಆಕೀಗಿ ಯಾರ ಬಾಯಿಮಾತ ಹಿಡಕೊಂಡ ಕುಂದರೂಣ್ರಿ?"

ಕೂಸಿನ ಕೈ ಸಾಹೇಬರ ಕನ್ನಡಕಕ್ಕೆ ಬಡಿಯಿತು. ಅವರು ಕಾಕಾನ ಮುಖ ನೋಡಿದರು. ಮದುವೆ, ವರ್ಗಾವಣೆ, ಹೋಳಿಗೆ ಬಿಟ್ಟು ಬೇರೆ ಏನನ್ನೂ ಎಂದೂ ಹೇಳದ ಕಾಕಾ ಗಂಟಲು ಸರಿಮಾಡಿಕೊಂಡರು.

"ಕೇಳ್ರಿ ಸಾಹೇಬ್ರ. ಎದ್ದು ನಿಂತು ಕೇಳ್ರಿ. ನಾ ಫೋನ್ ಹಚ್ಚಿ ಹಚ್ಚಿ ಸಾಕಾತು."

ಈ ಸಲ ನಾನು ಅಕ್ಷರ ನಂಬಲಿಲ್ಲ. ‘ಕರಿಬಾವಿ (ಖುರ್ದ್), ಅಂದರೆ ಕರಿಬಾವಿ (ಬಿ) ಅಲ್ಲದ, ಹಳ್ಳದ ಆಚೆ ಇರುವ ಗ್ರಾಮ’ ಎಂದು ಉದ್ದಕ್ಕೆ ಬರೆದೆ. ಹಿಂದಿನ ಉತ್ತರದ ಸಂಖ್ಯೆಯನ್ನೂ ಸೇರಿಸಿ, ಸದನಕ್ಕೆ ಕೊಟ್ಟ ಮಾಹಿತಿ ಯಾವ ಊರಿನದು ಎಂದು ಕೇಳಿದೆ. ಮತ್ತೆ ಚುಕ್ಕೆ ಬಿತ್ತು, ಪ್ರಶ್ನೆಯ ದಿನ ಬಾವಿಗೆ ಯಾರೂ ಇಳಿಯಲಿಲ್ಲ. ನಮ್ಮ ಸರದಿ ಬಂತು. ಸಾಹೇಬರು ಎದ್ದು ನಿಂತು, ನನ್ನ ಚೀಟಿ ಬದಿಗಿಟ್ಟು, ತಮ್ಮ ಮಾತಿನಲ್ಲೇ, "ಮಾನ್ಯ ಸಭಾಧ್ಯಕ್ಷರೇ, ಅದು ಬಿ ಅಲ್ರಿ, ಕೆ," ಎಂದರು. ಮಂತ್ರಿಗಳು ಹಿಂದೆ ಕೂತ ಅಧಿಕಾರಿಗಳ ಚೀಟಿಗಾಗಿ ಕೈ ಚಾಚಿದರು. ಅಷ್ಟು ಹೊತ್ತು ಇಡೀ ಸದನ ನಮ್ಮ ಹಳ್ಳದಾಚೆಯ ಊರಿಗಾಗಿ ಕಾಯಿತು. ನನ್ನ ಕಣ್ಣು ತುಂಬಿ ಮೊಬೈಲ್ ಮಸುಕಾಯಿತು.

(ಅ) ಬಂದಿದೆ. (ಆ) ಹುದ್ದೆ ತುಂಬಲು ಕ್ರಮ ವಹಿಸಲಾಗುವುದು.

"ಬಂದಿದೆ ಅಂದ್ರ? ನರ್ಸ್ ಬಂದಾಳೇನು?" ಎಂದಳು ಮಾಲನ್‌ಬಿ.

"ಇಲ್ಲ ಚಾಚಿ. ಗಮನಕ್ಕೆ ಬಂದಿದೆ."

"ಇಷ್ಟೇನು?" ಎಂದು ನಕ್ಕಳು. "ಆಗ್ಲಿ ಬಿಡು. ಗಮನಕ್ಕ ಬಂತಲ್ಲ, ಇನ್ನ ಊರಿಗಿ ಬರಬೇಕು."

ಸದನದಲ್ಲಿ ಆಡಿದ ‘ಲಾಗುವುದು’ ಭರವಸೆಯಾಗುತ್ತದೆ, ಅದು ಈಡೇರಿತೇ ಎಂದು ನೋಡಲು ಸದನದ್ದೇ ಒಂದು ಸಮಿತಿ ಇದೆ ಎಂದು ಅವಳಿಗೆ ಹೇಳಿದೆ. ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಪ್ರತಿ ಅಧಿವೇಶನಕ್ಕೂ ಫೋನು: "ನಮ್ಮ ಲಾಗುವುದು ಎಲ್ಲಿಗಿ ಬಂತವ್ವ?" ನಾನು ಆ ಕೆಲಸ ಬಿಟ್ಟು ಸುರಪುರದ ಕೋರ್ಟಿಗೆ ಬಂದೆ, ಸಾಹೇಬರು ಬದಲಾದರು, ಕಾಕಾ ತೀರಿಕೊಂಡರು. ಈರಮ್ಮನ ಸಣ್ಣ ಸೊಸೆ ಭಯದಲ್ಲಿ ತಿಂಗಳುಗಟ್ಟಲೆ ಮೊದಲೇ ತವರಿಗೆ ಹೋಗಿ ಹೆತ್ತು ಬಂದಳು. ಲಾಗುವುದು ಮಾತ್ರ ಬರುತ್ತಲೇ ಇತ್ತು.

ಮೊನ್ನೆ ಬಸ್ಸು ಕ್ರಾಸಿನಲ್ಲಿ ನಿಂತಾಗ ಆ ಹೆಣ್ಣುಮಗಳು ಡಬ್ಬಿ ಹೆಗಲಿಗೇರಿಸಿ ಇಳಿದಳು. ನಾನು ಕಿಟಕಿಯಿಂದ ಮುಖ ಹೊರಹಾಕಿ, ನಾಚಿಕೆ ಬಿಟ್ಟು ಕೇಳಿದೆ: "ಸಿಸ್ಟರ್, ಯಾರರ ಹೇಳಿ ಕಳ್ಸ್ಯಾರೇನ್ರಿ, ಇಲ್ಲಾ ಪೋಸ್ಟಿಂಗ್ ಏನ್ರಿ?"

ಅವಳು ವಿಚಿತ್ರವಾಗಿ ನೋಡಿ, "ಪೋಸ್ಟಿಂಗ್ ರಿ. ಆರ್ಡರ್ ಐತಿ," ಎಂದು ಹಳ್ಳದ ದಾರಿ ಹಿಡಿದಳು.

ಕೂಡಲೇ ಮಾಲನ್‌ಬಿಗೆ ಫೋನು ಹಚ್ಚಿದೆ. "ಚಾಚಿ, ಬಂದಾಳ! ನಿಮ್ಮೂರಿಗಿ ನರ್ಸ್ ಬಂದಾಳ!"

"ಬಂದು ಹದಿನೈದು ದಿನ ಆತು. ನಿನಗ ಈಗ ಗೊತ್ತಾತೇನು?" ಹಿಂದೆ ಒಂದು ಹುಡುಗಿ ಜೋರಾಗಿ ಮಗ್ಗಿ ಹೇಳುತ್ತಿತ್ತು. ಮೇಜಿನ ಮೇಲೆ ಮಲಗಿದ್ದ ಕೂಸು ಅದೇ. "ಚೊಲೋ ಹುಡುಗಿ ಐತಿ. ಆದ್ರ ಐದರ ಬಸ್ಸಿಗಿ ಹೊಂಟು ಹೋಗ್ತಾಳ. ಆಕಿ ಕ್ವಾರ್ಟರ್ಸಿಗಿ ಬಾಗಿಲಾ ಇಲ್ಲ, ನೀರಿಲ್ಲ, ಪಾಪ ಹ್ಯಾಂಗ ಇರಬೇಕು? ಸಂಜಿ ಮ್ಯಾಲ ಬ್ಯಾನಿ ಬರೂದಿಲ್ಲೇನು ಹೆಣ್ಮಕ್ಕಳಿಗಿ?"

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

"ಅಧಿವೇಶನ ಸುರು ಆಗೂದೈತಂತಲ್ಲ. ನರ್ಸಿನ ‘ಅ’ ಮುಗೀತು, ವಕೀಲವ್ವ. ಇನ್ನ ಕ್ವಾರ್ಟರ್ಸಿನ ‘ಆ’ ಯಾವಾಗ ಕೇಳಸ್ತೀ?"